ಹಳೆಯ ಸೋಫಾ, ಹರಿದ ಗಾದಿ

ಆವರಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಬೀಟೆಮರದ ಒಂದು ಸೋಫಾ ಮತ್ತು ತೋಳುಗಳುಳ್ಳ ಎರಡು ಕುರ್ಚಿಗಳಿದ್ದವು. ಅಜ್ಜನ ಕಾಲದವು. ಬಟ್ಟೆ ಹರಿದು ಸ್ಪ್ರಿಂಗುಗಳು ಹೊರಗೆ ಇಣುಕುತ್ತಿದ್ದವು. ಮನೆ ಪಾಲಾದ ಮೇಲೆ ಮಕ್ಕಳ ಚಿಕ್ಕ ಮನೆಗಳಲ್ಲಿ ಇವಕ್ಕೆ ಎಡೆಯಿಲ್ಲದೆ, ಮಾರುವುದೆಂದು ತೀರ್ಮಾನವಾಯಿತು. ಮೊದಲು ಬಂದ ವ್ಯಾಪಾರಿ ಗಾದಿಯನ್ನು ಬೆರಳಿನಿಂದ ಒತ್ತಿ, "ಸೌದೆ ಬೆಲೆಗೆ ಕೊಡ್ರಿ ಸರ್, ಒಯ್ತೀನಿ" ಎಂದ. "ಹೊಸ ಬಟ್ಟೆ ಹಾಕಿಸಿಯೇ ಮಾರೋಣಣ್ಣ" ಎಂದು ನನ್ನ ತಮ್ಮನ ಹಟ. ಇಬ್ಬರ ಮಾತೂ ಸರಿಯಲ್ಲವೆಂದು ನನಗೆ ಮನವರಿಕೆಯಾದದ್ದು ಕುರ್ಚಿಯನ್ನು ಬೋರಲು ಹಾಕಿ ನೋಡಿದಾಗ.

ಕೆಳಗೆ ಹೆಣೆದ ಸೆಣಬಿನ ಪಟ್ಟಿ; ಅದರ ಮೇಲೆ ಹುರಿಯಿಂದ ಒಂದಕ್ಕೊಂದು ಬಿಗಿದ ಸ್ಪ್ರಿಂಗುಗಳು; ಆಮೇಲೆ ಗೋಣಿತಟ್ಟು, ತೆಂಗಿನ ನಾರು, ಕೊನೆಗೆ ಹಿಂಜಿದ ಹತ್ತಿ. ಸ್ಪ್ರಿಂಗಿನ ಆಸನ 19ನೆಯ ಶತಮಾನದ ಯುರೋಪಿನಲ್ಲಿ ಬಳಕೆಗೆ ಬಂದದ್ದು. ಹತ್ತಿ ಮಾತ್ರ ನಮ್ಮ ಸೀಮೆಯ ಪಿಂಜಾರರ ಕೈಯದೇ ಇರಬೇಕು. ದಾವಣಗೆರೆ ಹತ್ತಿಗಿರಣಿಗಳ ಊರಾಗಿತ್ತಲ್ಲವೆ! ಸ್ಪ್ರಿಂಗು ಹೊರಬಂದಿತೆಂದರೆ ಅದು ಮುರಿದಿದೆಯೆಂದು ಅರ್ಥವಲ್ಲ. ಬಹುತೇಕ ಪಟ್ಟಿ ಜೋತುಬಿದ್ದು ಹುರಿ ಹರಿದಿರುತ್ತದೆ, ಅಷ್ಟೆ. ಬಲ್ಲವರು ಪಟ್ಟಿ ಬದಲಿಸಿ ಅವೇ ಸ್ಪ್ರಿಂಗುಗಳನ್ನು ಮರಳಿ ಕಟ್ಟುತ್ತಾರೆ.

ಗಾದಿ ಸವೆಯಲೆಂದೇ ಇರುವುದು, ಬೆಲೆಯಿರುವುದು ಚೌಕಟ್ಟಿಗೆ. ಮಾರುವ ಮುನ್ನ ಫೋಮು ತುರುಕಿ ರೆಗ್ಜಿನ್ ಹೊದಿಸಿದರೆ ಆ ಖರ್ಚು ಬೆಲೆಯಲ್ಲಿ ಮರಳುವುದು ಅಪರೂಪ. ಕೊಳ್ಳುವವನಿಗೆ ಬೇಕಾದ ಬಣ್ಣ ಬೇರೆಯೇ ಇರುತ್ತದೆ. ಮೇಲಾಗಿ, ಏನನ್ನೋ ಮುಚ್ಚಿಟ್ಟಿದ್ದಾರೆಂಬ ಸಂಶಯ. ಆ ಸಂಶಯ ಅಕಾರಣವೂ ಅಲ್ಲ. ಹೊರಗೆ ಕಾಣುವ ಮರ ಬೀಟೆಯಾದರೂ ಬಟ್ಟೆಯೊಳಗಿನ ಅಡ್ಡಪಟ್ಟಿಗಳು ಅಗ್ಗದ ಮರದವಾಗಿರಬಹುದು. ಹುಳು ಮೊದಲು ಹೊಗುವುದು ಅಲ್ಲಿಗೇ. ರಂಧ್ರದಿಂದ ಹೊಸ ಹುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಅದನ್ನು ತೋರಿಸಿಯೇ ಮಾರಬೇಕು. ಮರಕ್ಕೆ ಉಪ್ಪುಕಾಗದ ಉಜ್ಜಿಸುವುದಂತೂ ಬೇಡವೇ ಬೇಡ. ಅರಗಿನ ಹಳೆಯ ಮೆರುಗು ಹೋದರೆ ಆ ವಯಸ್ಸಿನ ಬಣ್ಣ ಮರಳಿ ಬಾರದು.

'ಆಂಟಿಕ್' ಎಂಬ ಮಾತನ್ನು ವ್ಯಾಪಾರಿಗಳು ಐವತ್ತು ವರ್ಷದ ಸಾಮಾನಿಗೂ ಅಂಟಿಸುತ್ತಾರೆ. 1972ರ ಪುರಾವಸ್ತು ಕಾಯಿದೆಯಂತೆ ಇಂಥ ವಸ್ತುವಿಗೆ ಕನಿಷ್ಠ 100 ವರ್ಷ ತುಂಬಿರಬೇಕು. ಹಾಗೆ ತುಂಬಿದ್ದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನಮ್ಮದಕ್ಕೆ ನೂರು ತುಂಬಿತ್ತೆಂದು ಹೇಳಲು ಕಾಗದವಿರಲಿಲ್ಲ. ಆದ್ದರಿಂದ 'ಅಜ್ಜನ ಕಾಲದ್ದು' ಎಂದಷ್ಟೇ ಹೇಳಿದೆವು.

ಕೊನೆಗೆ ಹರಿಹರದಿಂದ ಗಂಡಹೆಂಡಿರು ಬಂದರು. ಆತ ಟಾರ್ಚು ಹಿಡಿದು ಸೋಫಾದ ಅಡಿಗೆ ತೂರಿ, ಕೀಲುಗಳನ್ನು ಅಲುಗಿಸಿ ನೋಡಿದ. ಆಕೆ ಹರಿದ ಬಟ್ಟೆಯ ಒಂದು ತುಂಡನ್ನು ನೇಯ್ಗೆಯ ಮಾದರಿಗೆಂದು ಕೇಳಿ ಪಡೆದಳು. ಸೌದೆ ಬೆಲೆಯ ಎಷ್ಟೋ ಪಟ್ಟು ಹಣ ಬಂತು. ಗಾಡಿಗೆ ಏರಿಸುವಾಗ ಅಜ್ಜ ಕೂರುತ್ತಿದ್ದ ಕುರ್ಚಿಯನ್ನು ಹಮಾಲರಿಗೆ ಬಿಡದೆ ತಮ್ಮನೇ ಹೊತ್ತ.