‘ಕೊಡ್ರಿ’ಗೆ ಸ್ಪ್ಯಾನಿಷಿನಲ್ಲಿ ಏನಂತಾರೆ?

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಕಡೆಯ ಖಾನಾವಳಿಯಲ್ಲಿ ‘ದಯವಿಟ್ಟು ನೀರು ಕೊಡಿ’ ಎಂದರೆ ಬಡಿಸುವವರು ಒಮ್ಮೆ ತಿರುಗಿ ನೋಡಿಯಾರು. ಅಲ್ಲಿನ ಮಾತು ‘ಅಣ್ಣಾ, ಜರಾ ನೀರ್ ಕೊಡ್ರಿ’. ಪುಂಡಿಪಲ್ಲೆ ಬೇಕಾದರೆ ‘ಪಲ್ಲೆ ಹಾಕ್ರಿ’, ಹೊಟ್ಟೆ ತುಂಬಿದರೆ ‘ಸಾಕ್ರಿ’. ಮರ್ಯಾದೆಯೆಲ್ಲ ಆ ‘ರಿ’ಯಲ್ಲೇ ಇದೆ. ಪಕ್ಕದ ತೆಲುಗಿನ ‘ಇವ್ವಂಡಿ’ಯಲ್ಲಿ ‘ಅಂಡಿ’ ಮಾಡುವುದೂ ಇದೇ ಕೆಲಸ.

ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ನೀನು, ನೀವು ಎರಡಕ್ಕೂ ಒಂದೇ ಪದ. ಹಾಗಾಗಿ ‘ಪ್ಲೀಸ್’ ಹೇಳಬೇಕು, ‘ನನಗೆ ನೀರು ಸಿಗಬಹುದೇ’ ಎಂದು ಸುತ್ತಿ ಕೇಳಬೇಕು.

20 ದೇಶಗಳ ಅಧಿಕೃತ ಭಾಷೆಯಾದ ಸ್ಪ್ಯಾನಿಷ್ ಕಲಿಯುವವರು ಎಡವುವುದು ಇಲ್ಲೇ. ಇಂಗ್ಲಿಷ್ ವಾಕ್ಯವನ್ನು ಪದಕ್ಕೆ ಪದ ಇಟ್ಟು ‘ಪ್ವೆದೊ ತೆನೆರ್ ಅಗ್ವಾ’ ಎನ್ನುತ್ತಾರೆ. ಅರ್ಥವಾಗುತ್ತದೆ, ಆದರೆ ಹೋಟೆಲಿನಲ್ಲಿ ಹಾಗೆ ಕೇಳುವ ರೂಢಿ ಕಡಿಮೆ. ‘ಮೆ ತ್ರಾಯೆ ಅಗ್ವಾ, ಪೋರ್ ಫಾವೋರ್?’ ಎಂದರೆ ಸಹಜ: ‘ನೀರು ತಂದುಕೊಡ್ತೀರಾ?’

ಸ್ಪ್ಯಾನಿಷಿನಲ್ಲಿ ನೀನು ಎನ್ನಲು ‘ತು’, ನೀವು ಎನ್ನಲು ‘ಉಸ್ತೆದ್’ ಇದೆ. ‘ವ್ವೆಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಹಳೆಯ ಗೌರವದ ಮಾತು ಸವೆದು ‘ಉಸ್ತೆದ್’ ಆಗಿದೆ. ಅದರ ಜೊತೆ ಕ್ರಿಯಾಪದ ‘ಅವರು ತರುತ್ತಾರೆ’ ಎಂಬ ಪ್ರಥಮ ಪುರುಷದ ರೂಪ ತಾಳುತ್ತದೆ. ಎದುರಿಗೆ ನಿಂತವರಿಗೇ ‘ಸಾವ್ಕಾರ್ರು ಬರಬೇಕು, ಕೂಡಬೇಕು’ ಎನ್ನುವ ನಮ್ಮವರಿಗೆ ಇದು ಹೊಸದಲ್ಲ.

ಉಪಕಾರಕ್ಕೆ ‘ಗ್ರಾಸಿಯಾಸ್’. ಅದಕ್ಕೆ ಉತ್ತರ ‘ದೆ ನಾದಾ’, ನಮ್ಮ ‘ಇರ್ಲಿ ಬಿಡ್ರಿ’ ಇದ್ದಂತೆ. ಬಿಲ್ ತರಿಸಲು ‘ಲಾ ಕ್ವೆಂತಾ, ಪೋರ್ ಫಾವೋರ್’. ಮೆಕ್ಸಿಕೊದಲ್ಲಿ ಪಕ್ಕದ ಮೇಜಿನ ಅಪರಿಚಿತರಿಗೂ ‘ಬ್ವೆನ್ ಪ್ರೊವೆಚೊ’ ಎನ್ನುತ್ತಾರೆ. ಉಂಡದ್ದು ಮೈಗೆ ಹತ್ತಲಿ ಎಂಬ ಹಾರೈಕೆ ಅದು.

ಸಸ್ಯಾಹಾರಿಗಳು ಒಂದು ಪದದ ಬಗ್ಗೆ ಎಚ್ಚರವಾಗಿರಬೇಕು. ‘ಕಾರ್ನೆ’ ಎಂದರೆ ಮಾಂಸ, ಆದರೆ ಬಳಕೆಯಲ್ಲಿ ಬಹಳ ಸಲ ಅದು ದನ, ಹಂದಿಯ ಮಾಂಸಕ್ಕಷ್ಟೇ ಸಲ್ಲುತ್ತದೆ. ‘ಸಿನ್ ಕಾರ್ನೆ’, ಮಾಂಸ ಬೇಡ ಎಂದು ಹೇಳಿದರೂ ತಟ್ಟೆಯಲ್ಲಿ ಕೋಳಿ ಬಂದೀತು. ‘ನಿ ಪೊಯ್ಯೊ, ನಿ ಪೆಸ್ಕಾದೊ, ನಿ ಹಮೋನ್’ ಎಂದು ಸೇರಿಸಬೇಕು: ಕೋಳಿ, ಮೀನು, ಹಂದಿತೊಡೆ ಯಾವುದೂ ಬೇಡ.

ಎದ್ದು ಹೊರಡುವಾಗ ‘ಆಸ್ತಾ ಲ್ವೆಗೊ’ ಎನ್ನುವುದು ವಾಡಿಕೆ. ಪದ ಬಿಡಿಸಿದರೆ ‘ಆಮೇಲಿನವರೆಗೆ’ ಎಂದಾಗುತ್ತದೆ. ಜಾಲಹಳ್ಳಿಯವರು ಅದನ್ನು ಹಾಗೆ ಬಿಡಿಸಿ ನೆನಪಿಡಬೇಕಿಲ್ಲ. ಖಾನಾವಳಿಯ ಗಲ್ಲೆಯ ಮುಂದೆ ರೊಕ್ಕ ಎಣಿಸಿಕೊಟ್ಟು ಅವರು ದಿನಾ ಹೇಳುವುದೂ ಅದನ್ನೇ: ‘ಬರ್ತೀನ್ರಿ.’