ಲೇತ್ ಯಂತ್ರದ ಪೀಠಶುದ್ಧಿ

ಕನ್ನಡದ ‘ಕಡೆ’ ಎಂಬ ಧಾತುವಿಗೆ ಮೊಸರನ್ನು ಮಥಿಸುವುದೆಂದೂ, ಮರ ಲೋಹಾದಿಗಳನ್ನು ತಿರುಗಿಸಿ ದುಂಡಾಗಿ ರೂಪಿಸುವುದೆಂದೂ ಎರಡರ್ಥಗಳುಂಟು. ಎರಡು ಕ್ರಿಯೆಗಳಲ್ಲಿಯೂ ಭ್ರಮಣವು ಸಮಾನ. ದೃಢವಾದ ಆಧಾರದ ಅಪೇಕ್ಷೆಯೂ ಸಮಾನ. ಸಮುದ್ರಮಥನದಲ್ಲಿ ಮಂದರವು ನಿರಾಧಾರವಾಗಿ ಮುಳುಗಿತೆಂದೂ, ಕೂರ್ಮವು ಅದನ್ನು ಹೊತ್ತ ಬಳಿಕ ಮಥನವು ಸಾಗಿತೆಂದೂ ಪುರಾಣಪ್ರಸಿದ್ಧವಾಗಿದೆ. ಲೋಹವನ್ನು ಕಡೆಯುವ ಲೇತ್ ಎಂಬ ಯಂತ್ರಕ್ಕೂ ಈ ನ್ಯಾಯವು ಸಲ್ಲುವುದು. ಹರಿಹರದಲ್ಲಿ 1941ರಲ್ಲಿಯೂ ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿಯೂ ಇಂತಹ ಯಂತ್ರಗಳ ಕಾರ್ಖಾನೆಗಳು ಸ್ಥಾಪಿತವಾದುದರಿಂದ ವಿಷಯವು ನಮ್ಮ ನಾಡಿಗೆ ಹೊಸದಲ್ಲ. ಪ್ರಥಮೋಪಯೋಗಕ್ಕೆ ಮುಂಚೆ ಇದರ ಪೀಠವನ್ನು ಶೋಧಿಸುವ ಕ್ರಮವನ್ನೂ ಕಾರಣವನ್ನೂ ಇಲ್ಲಿ ನಿರೂಪಿಸುವೆವು.

ಎರಕದ ಕಬ್ಬಿಣದ ನೀಳವಾದ ಪೀಠಕ್ಕೆ ಬೆಡ್ ಎಂದು ಹೆಸರು. ಅದರ ಎಡತುದಿಯ ಹೆಡ್‌ಸ್ಟಾಕು ಲೋಹದ ತುಂಡನ್ನು ಚಕ್ಕಿನಲ್ಲಿ ಹಿಡಿದು ತಿರುಗಿಸುತ್ತದೆ. ಬಲಗಡೆಯ ಟೇಲ್‌ಸ್ಟಾಕು ನೀಳವಾದ ತುಂಡಿನ ಇನ್ನೊಂದು ತುದಿಗೆ ಆಸರೆಯಾಗುತ್ತದೆ. ಇವೆರಡರ ನಡುವೆ ಕ್ಯಾರೇಜು ಉಳಿಯನ್ನು ಹೊತ್ತು ಬೆಡ್ಡಿನ ಹಳಿಗಳ ಮೇಲೆ ಜಾರುತ್ತದೆ. ಪೂರ್ವಕಾಲದಲ್ಲಿ ಕರ್ಮಿಯು ಉಳಿಯನ್ನು ಕೈಯಲ್ಲಿಯೇ ಹಿಡಿಯುತ್ತಿದ್ದನು. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆಯು ಜಾರುವ ಆಸನದಲ್ಲಿ ಉಳಿಯನ್ನು ಬಿಗಿಯುವ ಲೋಹಮಯ ಲೇತುಗಳನ್ನು ನಿರ್ಮಿಸಿ ಆ ಪದ್ಧತಿಯನ್ನು ನೆಲೆಗೊಳಿಸಿದನು. ಹೀಗೆ ಋಜುತ್ವದ ಭಾರವು ಕೈಯಿಂದ ಬೆಡ್ಡಿಗೆ ಸಂಕ್ರಮಿಸಿತು.

ನೋಟಕ್ಕೆ ವಜ್ರಕಾಯವಾದ ಬೆಡ್ಡು ಕೂಡ, ಪಾದಗಳು ವಿಷಮವಾಗಿ ಕುಳಿತರೆ ಕಿಂಚಿತ್ ತಿರುಚಿಕೊಳ್ಳುವುದು. ಆ ತಿರುಚು ಒಂದು ಮೀಟರ್ ಅಗಲಕ್ಕೆ 0.1 ಮಿ.ಮೀ. ಏರಿಳಿತದಷ್ಟಿದ್ದು, ಹಳಿಗಳಿಂದ ಉಳಿಯ ಮೊನೆ 200 ಮಿ.ಮೀ. ಎತ್ತರದಲ್ಲಿದ್ದರೆ, ಮೊನೆಯು 0.02 ಮಿ.ಮೀ. ಪಕ್ಕಕ್ಕೆ ಸರಿಯುವುದು, ವ್ಯಾಸದಲ್ಲಿ 0.04 ಮಿ.ಮೀ. ಭೇದವಾಗುವುದು. ಇದು ಅಲ್ಪವೆಂದು ತೋರಿದರೂ, ಬೇರಿಂಗಿನಲ್ಲಿ ಅಚ್ಚು ಕೂರುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸಲು ಇಷ್ಟೇ ಸಾಕು.

ಶೋಧನಕ್ರಮವು ಹೀಗೆ: ಗಟ್ಟಿಯಾದ ಕಾಂಕ್ರೀಟ್ ನೆಲದ ಮೇಲೆ ಯಂತ್ರವನ್ನಿರಿಸಿ, ತುಕ್ಕು ಹಿಡಿಯದಂತೆ ಬಳಿದ ಲೇಪವನ್ನು ಸೀಮೆಎಣ್ಣೆಯಿಂದ ತೊಳೆದು, ಹಳಿಗಳಿಗೆ ತೆಳುವಾಗಿ ಎಣ್ಣೆ ಸವರಬೇಕು. ತೊಳೆಯುವ ಮುನ್ನ ಕ್ಯಾರೇಜನ್ನು ಸರಿಸಬಾರದು. ಅನಂತರ ಒಂದು ಗೆರೆಗೆ ಮೀಟರಿಗೆ 0.02 ಮಿ.ಮೀ. ಭೇದವನ್ನು ತೋರುವ ಸೂಕ್ಷ್ಮ ರಸಮಟ್ಟವನ್ನು ಬೆಡ್ಡಿಗೆ ಅಡ್ಡಲಾಗಿ, ಮೊದಲು ಹೆಡ್‌ಸ್ಟಾಕಿನ ಬಳಿ, ಬಳಿಕ ಟೇಲ್‌ಸ್ಟಾಕಿನ ತುದಿಯಲ್ಲಿ ಇಡಬೇಕು. ಗಾರೆಕೆಲಸದ ರಸಮಟ್ಟವು ಇದಕ್ಕೆ ಸಾಲದು. ಎರಡೆಡೆಯೂ ಒಂದೇ ಓದು ಬರುವವರೆಗೆ ಪಾದಗಳ ತಿರುಪುಗಳನ್ನು ಹೊಂದಿಸಿ, ಬೋಲ್ಟುಗಳನ್ನು ಬಿಗಿದ ಮೇಲೆ ಪುನಃ ಪರೀಕ್ಷಿಸಬೇಕು. ಗೇರುಗಳಿಗೆ ಎಣ್ಣೆ ತುಂಬಿ, ಚಕ್ಕು ಭದ್ರವಾಗಿದೆಯೆಂದು ನಿಶ್ಚಯಿಸಿಕೊಂಡು, ಕೆಲವು ಹೊತ್ತು ಮಂದವೇಗದಲ್ಲಿ ತಿರುಗಿಸಬೇಕು.

ಅಂತಿಮ ಪ್ರಮಾಣವು ಕಡೆದ ಲೋಹವೇ. ದಪ್ಪನಾದ ಸಲಾಕೆಯನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ನಡುವನ್ನು ತಗ್ಗಿಸಿ ಎರಡು ಬಳೆಗಳನ್ನುಳಿಸಬೇಕು. ಉಳಿಯ ಸ್ಥಾನವನ್ನು ಬದಲಿಸದೆ ಎರಡನ್ನೂ ತೆಳುವಾಗಿ ಕಡೆದು ಮೈಕ್ರೋಮೀಟರಿನಿಂದ ಅಳೆಯಬೇಕು. ಹೊರಬಳೆಯ ವ್ಯಾಸವು ಹೆಚ್ಚಾಗಿದ್ದರೆ, ಟೇಲ್‌ಸ್ಟಾಕಿನ ತುದಿಯಲ್ಲಿ ಬೆಡ್ಡು ಕರ್ಮಿಯ ಕಡೆಗೆ ವಾಲಿದೆಯೆಂದು ಊಹಿಸಿ, ಅಲ್ಲಿನ ಮುಂಪಾದವನ್ನು ಎತ್ತಬೇಕು. ಸಲಾಕೆಯು ಬಾಗಿದರೂ ಇದೇ ಲಕ್ಷಣವು ತೋರುವುದರಿಂದ ದಪ್ಪವೂ ಮೃದುಕರ್ತನವೂ ಆವಶ್ಯಕ. ಟೇಲ್‌ಸ್ಟಾಕನ್ನು ಹೊಂದಿಸುವುದು ಇದಾದ ಬಳಿಕವೇ.

ಈ ಪೂರ್ವಾಪರಕ್ರಮವನ್ನು ಮೀರಿ ಮೊದಲೇ ಹೆಡ್‌ಸ್ಟಾಕನ್ನು ಸರಿಸುವವನು ಒಂದು ದೋಷವನ್ನು ಮತ್ತೊಂದರಿಂದ ಮುಚ್ಚುತ್ತಾನೆ. ಅಶುದ್ಧವಾದ ಮಾತೃಕೆಯನ್ನು ಪರೀಕ್ಷಿಸದೆ ಪ್ರತಿಗಳನ್ನು ತಿದ್ದುವ ಸಂಪಾದಕನ ಶ್ರಮವೂ ಇಂತಹುದೇ: ತಿದ್ದಿದಷ್ಟೂ ಮೂಲದೋಷವು ಮರೆಯಾಗುವುದು, ನಾಶವಾಗದು. ನೆಲವು ಕಾಲಕ್ರಮದಲ್ಲಿ ಕುಸಿಯುವುದಾದ್ದರಿಂದ, ಕೆಲವು ವಾರಗಳ ಬಳಿಕ ರಸಮಟ್ಟವನ್ನು ಮತ್ತೊಮ್ಮೆ ಇಟ್ಟು ನೋಡತಕ್ಕದ್ದು.