ಬಾವಿ ನೀರು ಕೆಟ್ಟರೆ ಕಾರಣ ಹುಡುಕುವ ಖರ್ಚು ಯಾರದ್ದು?

ಘಾಟ್ಕೋಪರ್: 2025ರ ಎಪ್ರಿಲ್ 10ರಿಂದ ಕೆಲವು ದಿನ ಮುಂಬಯಿಯ ಖಾಸಗಿ ನೀರಿನ ಟ್ಯಾಂಕರ್‌ಗಳು ರಸ್ತೆಗಿಳಿಯಲಿಲ್ಲ. ಕೇಂದ್ರ ಅಂತರ್ಜಲ ಪ್ರಾಧಿಕಾರದ ಪರವಾನಿಗೆ ನಿಯಮಗಳನ್ನು ವಿರೋಧಿಸಿ ಟ್ಯಾಂಕರ್ ಮಾಲಕರು ಹೂಡಿದ ಮುಷ್ಕರವದು. ಕೊನೆಗೆ ಮಹಾನಗರಪಾಲಿಕೆ ವಿಪತ್ತು ನಿರ್ವಹಣಾ ಕಾಯ್ದೆಯನ್ನೇ ಕೈಗೆತ್ತಿಕೊಳ್ಳಬೇಕಾಯಿತು. ತಾನ್ಸಾ, ಭಾತ್ಸಾ, ವೈತರಣಾ ಎಂದು ಏಳು ಜಲಾಶಯಗಳ ನೀರು ಕುಡಿಯುವ ನಾವು, ಈ ನಗರದ ಕಟ್ಟಡ ಕಾಮಗಾರಿಗಳೂ ಹೊಟೇಲುಗಳೂ ಹೌಸಿಂಗ್ ಸೊಸೈಟಿಗಳೂ ನೆಲದಡಿಯ ನೀರನ್ನು ಎಷ್ಟು ನಂಬಿಕೊಂಡಿವೆ ಎಂಬುದನ್ನು ಆಗ ಕಂಡೆವು.

ಘಾಟ್ಕೋಪರ್‌ನ ಸೊಸೈಟಿಗಳಲ್ಲಿ ಬೋರ್‌ವೆಲ್ ಹೊಸ ಮಾತೇನಲ್ಲ. ಕುಡಿಯಲು ಅಲ್ಲ, ಶೌಚಾಲಯಕ್ಕೆ, ಗಾಡಿ ತೊಳೆಯಲು ಎನ್ನುತ್ತೇವೆ. ಆದರೆ ಆ ನೀರಿಗೆ ಒಂದು ದಿನ ಎಣ್ಣೆಯ ವಾಸನೆ ಬಂತು ಎಂದುಕೊಳ್ಳಿ. ಸೊಸೈಟಿ ಚಂದಾ ಎತ್ತಿ ಲ್ಯಾಬಿಗೆ ಒಂದು ಬಾಟಲಿ ಕಳುಹಿಸಬಹುದು. ನೀರು ಕೆಟ್ಟಿದೆ ಎಂಬ ಉತ್ತರ ಬರುತ್ತದೆ, ಯಾರಿಂದ ಕೆಟ್ಟಿತು ಎಂಬ ಉತ್ತರ ಬರುವುದಿಲ್ಲ. ಪಕ್ಕದ ಪೆಟ್ರೋಲ್ ಪಂಪಿನ ಟ್ಯಾಂಕೋ, ಒಡೆದ ಗಟಾರವೋ, ಗಾಲಾದೊಳಗಿನ ಪ್ಲೇಟಿಂಗ್ ಕೆಲಸವೋ, ಥಾಣೆ ಖಾಡಿಯ ಉಪ್ಪೋ? ಅದನ್ನು ಹುಡುಕಲು ಸುತ್ತಮುತ್ತ ನಾಲ್ಕಾರು ಪರೀಕ್ಷಾ ಬೋರ್ ಕೊರೆಯಬೇಕು, ನೀರು ಯಾವ ದಿಕ್ಕಿಗೆ ಹರಿಯುತ್ತದೆಂದು ಅಳೆಯಬೇಕು, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಮಾದರಿ ತೆಗೆಯಬೇಕು. ಮುಂಬಯಿಯ ಕರಿಕಲ್ಲಿನಲ್ಲಿ ನೀರು ಬಿರುಕು ಹಿಡಿದು ಓಡುತ್ತದೆ, ಹತ್ತಿರದ ಬಾವಿ ಶುದ್ಧವಿದ್ದು ದೂರದ್ದು ಕೆಡುವುದೂ ಉಂಟು. ಒಂದು ಸೊಸೈಟಿಯ ಮೇಂಟೆನೆನ್ಸ್ ಹಣದಲ್ಲಿ ಆಗುವ ಕೆಲಸವೇ ಇದು?

ಸರಕಾರಿ ಹಣದಿಂದ ಆಗಬೇಕು ಎಂಬುದಕ್ಕೆ ನಮ್ಮ ಊರಿನ ಕಡೆಯದ್ದೇ ಒಂದು ಉದಾಹರಣೆಯಿದೆ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಕೆಳಗೆ ಕನ್ನಡ-ತುಳು ಮಾತನಾಡುವ ಮನೆಗಳು, ಅಡಿಕೆ ತೋಟಗಳು. ಅಲ್ಲಿನವರು ಕುಡಿಯುವುದು ಸುರಂಗದ ನೀರು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ಒಸರನ್ನು ಹೊರಗೆ ತರುವ ಈ ಸುರಂಗ ಆ ಸೀಮೆಯ ಜಾಣ್ಮೆ, ಪಂಪು ಬೇಡ, ವಿದ್ಯುತ್ ಬೇಡ. ಆದರೆ ಮೇಲೆ ಬಿದ್ದದ್ದು ಕೆಳಗೆ ಇಳಿಯಲೇಬೇಕಲ್ಲ! 1970ರ ದಶಕದ ಉತ್ತರಾರ್ಧದಿಂದ 2000ದ ಡಿಸೆಂಬರ್ ತನಕ ಆ ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು.

ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಬರೆದರು. ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ದಾಖಲಿಸಿ ಕಾರಣ ಹುಡುಕಿ ಎಂದು ಕೂಗಿದರು. ಸುಮಾರು 20 ವರ್ಷ ಯಾವ ಇಲಾಖೆಯೂ ಒಂದು ಬಾಟಲಿ ನೀರನ್ನು ಸರಿಯಾದ ಪ್ರಯೋಗಾಲಯಕ್ಕೆ ಒಯ್ಯಲಿಲ್ಲ. ಕೀಟನಾಶಕದ ಪರೀಕ್ಷೆಗೆ ದುಬಾರಿ ಯಂತ್ರ ಬೇಕು, ಅದರ ಖರ್ಚು ಕೃಷಿಕರ ಕೈಗೆಟುಕದು.

ಕೊನೆಗೆ 2001ರಲ್ಲಿ ಊರವರ ಹೋರಾಟ ಸಮಿತಿಯ ಕೋರಿಕೆಯಂತೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಎಂಬ ಸರಕಾರೇತರ ಸಂಸ್ಥೆ ತನ್ನ ಪ್ರಯೋಗಾಲಯದಲ್ಲಿ ನೀರು, ಮಣ್ಣು, ರಕ್ತ, ಹಾಲು ಎಲ್ಲವನ್ನೂ ಪರೀಕ್ಷಿಸಿ ವಿಷ ಇದೆ ಎಂದಿತು. ಕೂಡಲೇ ಕಾರ್ಪೊರೇಶನ್ ತಮಿಳುನಾಡಿನ ಒಂದು ಸಂಸ್ಥೆಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿತು. ಅಲ್ಲಿ ರಕ್ತದಲ್ಲಿ ಏನೂ ಸಿಗಲಿಲ್ಲ! ಒಂದೇ ಊರು, ಎರಡು ವರದಿ. ಯಾರ ಹಣ ಎಂದು ಜನ ಕೇಳಿದ್ದರಲ್ಲಿ ತಪ್ಪೇನಿದೆ?

ಈ ಗೊಂದಲ ಬಿಡಿಸಿದ್ದು ಸಾರ್ವಜನಿಕ ಹಣ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತವಾಗಿ ಪ್ರಕರಣ ಎತ್ತಿಕೊಂಡ ಮೇಲೆ, ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಗೆ ಬಂತು. ಸಿಂಪಡಣೆ ಇಲ್ಲದ ಮೀಂಜ ಪಂಚಾಯತಿನ ಜನರೊಂದಿಗೆ ಹೋಲಿಸಿ ನೋಡಿತು. ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಮಕ್ಕಳ ರಕ್ತದಲ್ಲಿ ವಿಷದ ಶೇಷ ಸಿಕ್ಕಿತು. 2002ರ ವರದಿ ಎಂಡೋಸಲ್ಫಾನ್ ಕಡೆಗೇ ಬೆರಳು ತೋರಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. ಬಳಕೆ ನಿಂತಾಗ ಉಳಿದ ಎಂಡೋಸಲ್ಫಾನನ್ನು ಗಡಿಭಾಗದ ಮಿಂಚಿಪದವಿನಲ್ಲಿ ಪಾಳುಬಾವಿಯೊಂದಕ್ಕೆ ಹಾಕಿ ಮುಚ್ಚಲಾಗಿದೆ ಎಂಬ ದೂರು ಹಲವು ವರ್ಷಗಳಿಂದ ಇತ್ತು. ಗುಡ್ಡ ಕೇರಳದ್ದು, ಅದರ ಇನ್ನೊಂದು ಮಗ್ಗುಲು ಕರ್ನಾಟಕದ್ದು. ನೀರಿಗೆ ಗಡಿ ತಿಳಿಯದು, ಕಚೇರಿಗಳಿಗೆ ಚೆನ್ನಾಗಿ ತಿಳಿದಿದೆ. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ ಮೇಲಷ್ಟೇ, ಅಂದರೆ 2023-24ರ ಹೊತ್ತಿಗೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಣ್ಣು-ನೀರಿನ ಮಾದರಿ ತೆಗೆದರು. ಎರಡು ದಶಕದ ಮಳೆ ಆ ಗುಡ್ಡದ ಮೇಲೆ ಸುರಿದು ಹೋದ ಬಳಿಕ!

ಕೆಡಿಸಿದವನೇ ತೆರಬೇಕು ಎಂಬ ತತ್ವ ನಮ್ಮಲ್ಲಿ ಇಲ್ಲವೆಂದಲ್ಲ. ರಾಜಸ್ತಾನದ ಬಿಚ್ಡಿಯಲ್ಲಿ ರಾಸಾಯನಿಕ ಕಾರ್ಖಾನೆಗಳಿಂದ ಬಾವಿಗಳ ನೀರು ಬಣ್ಣಗೆಟ್ಟಾಗ, ನಾಗಪುರದ ನೀರಿ ಸಂಸ್ಥೆಯ ತನಿಖಾ ವರದಿಯನ್ನು ಆಧಾರವಾಗಿಟ್ಟುಕೊಂಡು 1996ರಲ್ಲಿ ಸುಪ್ರೀಂ ಕೋರ್ಟ್ ಕಂಪೆನಿಗಳನ್ನು ಹೊಣೆ ಮಾಡಿತು. ಶುದ್ಧೀಕರಣಕ್ಕೆ ನಿಗದಿಯಾದ 37.385 ಕೋಟಿ ರೂ.ಗಳನ್ನು ಚಕ್ರಬಡ್ಡಿ ಸಮೇತ ಕಟ್ಟಿ ಎಂದು ಅದೇ ಕೋರ್ಟ್ 2011ರಲ್ಲಿ ಮತ್ತೆ ಹೇಳಬೇಕಾಯಿತು. ಕಂಪೆನಿ ಹಣ ಕೊಡುವವರೆಗೆ ಕಾಯುತ್ತ ಕುಳಿತರೆ ತನಿಖೆಯೇ ನಡೆಯದು. ಮೊದಲು ಸರಕಾರ ಖರ್ಚು ಮಾಡಿ, ಆಮೇಲೆ ತಪ್ಪಿತಸ್ಥನಿಂದ ವಸೂಲು ಮಾಡುವುದೇ ದಾರಿ. ಅಮೆರಿಕದವರು 1980ರಲ್ಲೇ ಎಣ್ಣೆ ಮತ್ತು ರಾಸಾಯನಿಕ ಕಂಪೆನಿಗಳ ಮೇಲೆ ತೆರಿಗೆ ಹಾಕಿ ಇದಕ್ಕೆಂದೇ ನಿಧಿ ಕಟ್ಟಿಕೊಂಡರು.

ನಮ್ಮಲ್ಲಿ ಅಂಥದ್ದೊಂದು ಬಂದದ್ದು ಜುಲೈ 2025ರಲ್ಲಿ. ಮಾಲಿನ್ಯಪೀಡಿತ ಸ್ಥಳಗಳ ನಿರ್ವಹಣೆಗೆ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ನಿಯಮಗಳಂತೆ, ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಂಶಯಾಸ್ಪದ ಸ್ಥಳಗಳ ಪಟ್ಟಿ ಕೊಡಬೇಕು. ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ವಿವರವಾದ ತನಿಖೆಗೆ ಮತ್ತೆ 90 ದಿನ. ಕೆಡಿಸಿದವರು ಸಿಕ್ಕರೆ ಖರ್ಚು ಅವರದು. ಸಿಗದಿದ್ದರೆ ಕೇಂದ್ರ-ರಾಜ್ಯ ಸರಕಾರಗಳು ಭರಿಸಬೇಕು. ನಿಯಮ ಹೊರಬಿದ್ದಾಗಿನ ವರದಿಗಳಂತೆ ದೇಶದಲ್ಲಿ ಗುರುತಿಸಿದ್ದು 103 ಸ್ಥಳ, ಶುದ್ಧೀಕರಣ ಆರಂಭವಾದದ್ದು 7ರಲ್ಲಿ ಮಾತ್ರ.

ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಕಸದ ಡಂಪಿಂಗ್ ಸ್ಥಳಗಳಿಂದಾಗುವ ಮಾಲಿನ್ಯವನ್ನು ಸಾಮಾನ್ಯವಾಗಿ ಈ ನಿಯಮದ ಹೊರಗಿಡಲಾಗಿದೆ. 1927ರಿಂದ ಕಸ ಹೊತ್ತ ದೇವನಾರ್ ನಮ್ಮ ಘಾಟ್ಕೋಪರ್-ಮಾನ್‌ಖುರ್ದ್ ಲಿಂಕ್ ರೋಡಿನ ಆಚೆಗಿದೆ. ಊರಿನಲ್ಲಿ 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಮಂದಾರದ ತೋಟ-ಮನೆಗಳನ್ನು ಮುಚ್ಚಿದ್ದನ್ನು ಯಾರು ಮರೆತಾರು?

ಊರಿನಲ್ಲಿ ಬಾವಿ ಇಟ್ಟುಕೊಂಡಿರುವ ನಮ್ಮವರಿಗೆ ಇನ್ನೊಂದು ಮಾಹಿತಿ. ಜಲಜೀವನ್ ಮಿಷನ್ನಿನ ಮಾರ್ಗಸೂಚಿಯಲ್ಲಿ ನೀರಿನ ಗುಣಮಟ್ಟ ಪರೀಕ್ಷೆಗೆಂದು ಶೇ. 2ರ ತನಕ ಹಣಕ್ಕೆ ಅವಕಾಶವಿತ್ತು. ಗ್ರಾಮಕ್ಕೆ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು ಕಿಟ್ ನೀಡುವುದು ಅದರ ಭಾಗ. ಆದರೆ ಆ ಕಿಟ್ ತೋರಿಸುವುದು ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನದಂಥವನ್ನು. ಕೀಟನಾಶಕಕ್ಕೆ, ಎಣ್ಣೆಗೆ ಲ್ಯಾಬೇ ಬೇಕು. ಕಿಟ್ ಸರಿ ಎಂದಿತು ಎಂದು ನೆಮ್ಮದಿಯಿಂದ ಕೂರಬೇಡಿ.

ಇಲ್ಲಿನ ಸೊಸೈಟಿಗಳ ಅರ್ಜಿ ಹೋಗಬೇಕಾದದ್ದು ಸಯನ್ ಸರ್ಕಲ್ ಬಳಿಯ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಪ್ರತಿ ಜಿಲ್ಲಾಧಿಕಾರಿಗೆ ಮತ್ತು ವಾರ್ಡ್ ಕಚೇರಿಗೆ. ಬೋರ್‌ವೆಲ್‌ನ ಆಳ, ವಾಸನೆ ಅಥವಾ ಬಣ್ಣ ಮೊದಲು ಕಂಡ ದಿನಾಂಕ, ಸುತ್ತಲಿನ ಪಂಪು-ಗ್ಯಾರೇಜು-ಗಟಾರಗಳ ಕೈನಕ್ಷೆ, ಲ್ಯಾಬ್ ವರದಿಯಿದ್ದರೆ ಅದರ ಜೆರಾಕ್ಸ್ ಇರಲಿ. ಇನ್‌ವರ್ಡ್ ಸಿಕ್ಕೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಆಮೇಲೆ ಮಾಹಿತಿ ಹಕ್ಕಿನಡಿ ಏನಾಯಿತೆಂದು ಕೇಳುವಾಗ ಬೇಕಾಗುವುದು ಆ ದಿನಾಂಕವೇ.